ಉಪಗ್ರಹದ ಅಳತೆ, ಕಂಪ್ಯೂಟರಿನ ಲೆಕ್ಕ: ಎರಡನ್ನೂ ಕೂಡಿಸಿ ನೆಲದ ನೀರನ್ನು ಅಂದಾಜು ಮಾಡುವುದು ಹೇಗೆ?

ರಾಜಸ್ಥಾನ, ಪಂಜಾಬ್, ಹರಿಯಾಣ ಮತ್ತು ದೆಹಲಿಯ ನೆಲದಡಿಯಿಂದ 2002ರ ಆಗಸ್ಟ್ ಮತ್ತು 2008ರ ಅಕ್ಟೋಬರ್ ನಡುವೆ ಸುಮಾರು 109 ಘನ ಕಿ.ಮೀ. ನೀರು ಖಾಲಿಯಾಯಿತು. ನಮ್ಮ ಲಿಂಗನಮಕ್ಕಿ ಜಲಾಶಯವನ್ನು 25 ಸಲ ತುಂಬಿಸಬಹುದಾದಷ್ಟು ನೀರು ಅದು. ಆ ವರ್ಷಗಳಲ್ಲಿ ಅಲ್ಲಿ ಮಳೆಯೇನೂ ಕೈಕೊಟ್ಟಿರಲಿಲ್ಲ, ಹೆಚ್ಚುಕಡಿಮೆ ವಾಡಿಕೆಯಷ್ಟೇ ಬಿದ್ದಿತ್ತು. ಈ ಲೆಕ್ಕವನ್ನು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವರು ಮ್ಯಾಥ್ಯೂ ರೋಡೆಲ್, ಇಸಾಬೆಲ್ಲಾ ವೆಲಿಕೊನಾ ಮತ್ತು ಜೇಮ್ಸ್ ಫ್ಯಾಮಿಗ್ಲಿಯೆಟ್ಟಿ.

ಅವರು ಬಾವಿಗಳಿಗೆ ಹಗ್ಗ ಇಳಿಸಿ ಈ ಸಂಖ್ಯೆಗೆ ಬಂದವರಲ್ಲ. ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಗುರುತ್ವದ ಬದಲಾವಣೆಯಿಂದ ಆ ಪ್ರದೇಶದ ಒಟ್ಟು ನೀರಿನ ಏರಿಳಿತವನ್ನು ಹೇಳಿದವು. ಜಿಎಲ್‌ಡಿಎಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಮಣ್ಣಿನೊಳಗೆ ಎಷ್ಟು ತೇವವಿದೆ ಎಂದು ಲೆಕ್ಕ ಹಾಕಿಕೊಟ್ಟಿತು. ಒಟ್ಟಿನಿಂದ ಮಣ್ಣಿನ ತೇವವನ್ನು ಕಳೆದಾಗ ಉಳಿದದ್ದು ಅಂತರ್ಜಲ. ವಿಧಾನ ಇಷ್ಟೇ. ಈ ಎರಡೂ ದತ್ತಾಂಶಗಳು ಯಾರಿಗೆ ಬೇಕಾದರೂ ಉಚಿತ. ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್, ತಾಳ್ಮೆ ಇದ್ದರೆ ನೀವೂ ಇದನ್ನು ಮಾಡಬಹುದು.

ಆದರೆ ತಾಳ್ಮೆ ನಿಜಕ್ಕೂ ಬೇಕು. ಬಣ್ಣಬಣ್ಣದ ನಕ್ಷೆ ಪರದೆಯ ಮೇಲೆ ಮೂಡಿದ ಕೂಡಲೇ ಅದು ಉಪಗ್ರಹ ತೆಗೆದ ಫೋಟೋ ಎಂದು ನಂಬಿಬಿಡುವ ಅಪಾಯ ದೊಡ್ಡದು. ಆ ನಕ್ಷೆಯ ಪ್ರತಿ ಸಂಖ್ಯೆಯಲ್ಲೂ ಒಂದಷ್ಟು ಅಳತೆ ಇದೆ, ಒಂದಷ್ಟು ಲೆಕ್ಕ ಇದೆ. ಯಾವುದು ಎಷ್ಟು ಎಂದು ಗೊತ್ತಿಲ್ಲದೆ ಅದನ್ನು ಬಳಸಬಾರದು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ವಿಚಾರದ ಸುತ್ತಲೇ ಇವೆ.

ವ್ಯವಸ್ಥೆಯ ಒಳಗೆ ಏನು ನಡೆಯುತ್ತದೆ?

ಜಿಎಲ್‌ಡಿಎಎಸ್ ಎಂದರೆ ಗ್ಲೋಬಲ್ ಲ್ಯಾಂಡ್ ಡೇಟಾ ಅಸಿಮಿಲೇಷನ್ ಸಿಸ್ಟಮ್. ಅಮೆರಿಕದ ನಾಸಾದ ಗೊಡಾರ್ಡ್ ಬಾಹ್ಯಾಕಾಶ ಕೇಂದ್ರವೂ ಅಲ್ಲಿನ ಹವಾಮಾನ ಮುನ್ಸೂಚನಾ ಸಂಸ್ಥೆಯೂ ಸೇರಿ ರೂಪಿಸಿದ ವ್ಯವಸ್ಥೆ ಇದು. ಇದನ್ನು ವಿವರಿಸುವ ಮೂಲ ಪ್ರಬಂಧ ಬಂದದ್ದು 2004ರಲ್ಲಿ. ಅಂಟಾರ್ಕ್ಟಿಕಾ ಬಿಟ್ಟು, ದಕ್ಷಿಣದ 60 ಡಿಗ್ರಿ ಅಕ್ಷಾಂಶದಿಂದ ಉತ್ತರ ಧ್ರುವದವರೆಗಿನ ಎಲ್ಲ ನೆಲವನ್ನೂ ಅದು ಚೌಕಗಳಾಗಿ ಹಂಚಿಕೊಂಡಿದೆ. ಪ್ರತಿ ಚೌಕದಲ್ಲೂ ನೀರಿನ ಮತ್ತು ಶಾಖದ ಜಮಾ-ಖರ್ಚು ನಡೆಯುತ್ತದೆ. ಮಳೆ, ಹಿಮ ಜಮಾ. ಆವಿಯಾದದ್ದು, ಹರಿದುಹೋದದ್ದು ಖರ್ಚು. ಉಳಿದದ್ದು ಮಣ್ಣಿನ ತೇವ. ಶಾಖಕ್ಕೂ ಹೀಗೆಯೇ: ಬಂದ ಬಿಸಿಲಿನಲ್ಲಿ ಎಷ್ಟು ನೀರನ್ನು ಆವಿ ಮಾಡಲು ಹೋಯಿತು, ಎಷ್ಟು ಗಾಳಿಯನ್ನು ಬಿಸಿ ಮಾಡಿತು, ಎಷ್ಟು ನೆಲದೊಳಕ್ಕೆ ಇಳಿಯಿತು.

ಈ ಲೆಕ್ಕ ಮಾಡುವ ಪ್ರೋಗ್ರಾಂಗೆ ಭೂಮೇಲ್ಮೈ ಮಾದರಿ ಎನ್ನುತ್ತಾರೆ. ಜಿಎಲ್‌ಡಿಎಎಸ್‌ನಲ್ಲಿ ನೋವಾ, ಕ್ಯಾಚ್‌ಮೆಂಟ್, ವಿಐಸಿ ಎಂಬ ಮಾದರಿಗಳಿವೆ. ಇವಕ್ಕೆ ಎರಡು ಬಗೆಯ ಮಾಹಿತಿ ಬೇಕು. ಒಂದು, ಕ್ಷಣಕ್ಷಣಕ್ಕೂ ಬದಲಾಗುವ ಹವಾಮಾನ: ಮಳೆ, ಗಾಳಿ, ತಾಪಮಾನ, ಆರ್ದ್ರತೆ, ಬಿಸಿಲು. ಇನ್ನೊಂದು, ನಿಧಾನವಾಗಿ ಬದಲಾಗುವ ಅಥವಾ ಬದಲಾಗದ ಗುಣಗಳು: ಮಣ್ಣಿನ ಬಗೆ, ಸಸ್ಯಗಳ ಹೊದಿಕೆ, ನೆಲದ ಎತ್ತರ. ಉಪಗ್ರಹ ಮತ್ತು ಮಳೆಮಾಪಕಗಳ ಅಳತೆ ಈ ವ್ಯವಸ್ಥೆಯೊಳಗೆ ಬರುವ ಮೊದಲ ಬಾಗಿಲು ಇದೇ. ಅಳೆದ ಮಳೆಯನ್ನು ಮಾದರಿಗೆ ಕೊಡುತ್ತೇವೆ, ತೇವ ಎಷ್ಟೆಂದು ಅದು ಲೆಕ್ಕ ಹಾಕುತ್ತದೆ.

ಎರಡನೆಯ ಬಾಗಿಲು ಇನ್ನೂ ಕುತೂಹಲದ್ದು. ಮಾದರಿ ಲೆಕ್ಕ ಹಾಕಿದ ತೇವವನ್ನೇ ಉಪಗ್ರಹ ಅಳೆದ ತೇವದೊಂದಿಗೆ ಹೋಲಿಸಿ ತಿದ್ದುವುದು. ಡೇಟಾ ಅಸಿಮಿಲೇಷನ್ ಎಂಬ ಹೆಸರು ಬಂದಿರುವುದು ಈ ಕೆಲಸಕ್ಕೆ. ಯಾವುದನ್ನು ಎಷ್ಟು ನಂಬಬೇಕು ಎನ್ನುವುದಕ್ಕೆ 1960ರಲ್ಲಿ ರುಡಾಲ್ಫ್ ಕಾಲ್ಮನ್ ಕೊಟ್ಟ ಸೂತ್ರವೇ ಇಂದಿಗೂ ಆಧಾರ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಸಂಖ್ಯೆಗಳು ನಾನು ಇಟ್ಟುಕೊಂಡವು. ಒಂದು ಚೌಕದ ಮೇಲ್ಮಣ್ಣಿನಲ್ಲಿ ತೇವ 0.20 ಎಂದು ಮಾದರಿ ಹೇಳುತ್ತಿದೆ, ಅಂದರೆ ಮಣ್ಣಿನ ಗಾತ್ರದ ಐದರಲ್ಲಿ ಒಂದು ಭಾಗ ನೀರು. ಅದರ ತಪ್ಪಿನ ಅಂದಾಜು 0.06. ಉಪಗ್ರಹ 0.28 ಎನ್ನುತ್ತಿದೆ, ಅದರ ತಪ್ಪು 0.04. ತಪ್ಪುಗಳ ವರ್ಗ ತೆಗೆದುಕೊಳ್ಳಿ: 0.0036 ಮತ್ತು 0.0016. ಮಾದರಿಯ ವರ್ಗವನ್ನು ಎರಡರ ಮೊತ್ತದಿಂದ ಭಾಗಿಸಿ: 0.0036 ÷ 0.0052 = 0.69. ಇಬ್ಬರ ನಡುವಿನ ಅಂತರ 0.08. ಅದರ 0.69 ಪಾಲು, ಅಂದರೆ 0.055, ಮಾದರಿಯ ಸಂಖ್ಯೆಗೆ ಸೇರಿಸಿ. ತಿದ್ದಿದ ತೇವ ಸುಮಾರು 0.255. ಉಪಗ್ರಹದ ತಪ್ಪು ಕಡಿಮೆಯಿದ್ದದ್ದರಿಂದ ಉತ್ತರ ಅದರ ಕಡೆಗೆ ವಾಲಿತು. ಹೊಸ ಅಂದಾಜಿನ ತಪ್ಪು 0.033, ಮಾದರಿಯೊಂದರ ತಪ್ಪಿಗಿಂತಲೂ ಕಡಿಮೆ, ಉಪಗ್ರಹವೊಂದರ ತಪ್ಪಿಗಿಂತಲೂ ಕಡಿಮೆ. ಎರಡನ್ನು ಕೂಡಿಸಿದ್ದಕ್ಕೆ ಸಿಕ್ಕ ಲಾಭ ಇದು.

ಮಾದರಿಯ ತಪ್ಪು 0.06 ಎಂದು ಗೊತ್ತಾಗುವುದು ಹೇಗೆ? ಮಳೆಯನ್ನೂ ಬಿಸಿಲನ್ನೂ ಸ್ವಲ್ಪ ಸ್ವಲ್ಪ ಆಚೀಚೆ ಮಾಡಿ ಅದೇ ಮಾದರಿಯನ್ನು ಹಲವು ಪ್ರತಿಗಳಲ್ಲಿ ಏಕಕಾಲಕ್ಕೆ ಓಡಿಸುತ್ತಾರೆ. ಉತ್ತರಗಳು ಎಷ್ಟು ಚದುರುತ್ತವೆ ಎನ್ನುವುದೇ ತಪ್ಪಿನ ಅಳತೆ. 1994ರಲ್ಲಿ ಗೇರ್ ಎವೆನ್ಸೆನ್ ಮುಂದಿಟ್ಟ ಈ ಉಪಾಯದಿಂದಾಗಿ ಇಡೀ ಭೂಗೋಳಕ್ಕೆ ಲೆಕ್ಕ ಮಾಡುವುದು ಸಾಧ್ಯವಾಯಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮಾದರಿಗೂ ಉಪಗ್ರಹಕ್ಕೂ ದೀರ್ಘಕಾಲದ ಸರಾಸರಿಯಲ್ಲೇ ವ್ಯತ್ಯಾಸವಿರುತ್ತದೆ. ಆದ್ದರಿಂದ ತಿದ್ದುವ ಮುನ್ನ ಉಪಗ್ರಹದ ಸಂಖ್ಯೆಗಳನ್ನು ಮಾದರಿಯ ಏರಿಳಿತದ ಅಳತೆಗೆ ಹೊಂದಿಸುವುದು ರೂಢಿ. ಗಣಿತಕ್ಕೆ ಇದು ಅನುಕೂಲ, ಆದರೆ ಬೆಲೆ ತೆರಬೇಕಾದ ಅನುಕೂಲ. ಬೇಸಿಗೆಯಲ್ಲಿ ಕಾಲುವೆ ನೀರು ಹಾಯಿಸಿದ ಗದ್ದೆಯ ಮಣ್ಣು ವರ್ಷವೂ ಒದ್ದೆಯಾಗಿರುವುದನ್ನು ಉಪಗ್ರಹ ಕಂಡಿರುತ್ತದೆ. ನೀರಾವರಿ ಗೊತ್ತಿಲ್ಲದ ಮಾದರಿಗೆ ಹೊಂದಿಸುವಾಗ ಆ ಒದ್ದೆಯನ್ನು ಉಪಗ್ರಹದ ದೋಷವೆಂದು ಬಗೆದು ಅಳಿಸಿಹಾಕುವ ಸಾಧ್ಯತೆ ಇದೆ. ಮನುಷ್ಯ ಮಾಡಿದ ಬದಲಾವಣೆಯನ್ನೇ ನೀವು ಹುಡುಕುತ್ತಿದ್ದರೆ ಇದು ಸಣ್ಣ ಸಂಗತಿಯಲ್ಲ.

ಹಂತ 1: ಪ್ರಶ್ನೆಗೆ ತಕ್ಕ ಪ್ರದೇಶ

ಜಿಎಲ್‌ಡಿಎಎಸ್‌ನ ಸಣ್ಣ ಚೌಕ ಕಾಲು ಡಿಗ್ರಿಯದು. ನಮ್ಮ ಅಕ್ಷಾಂಶದಲ್ಲಿ ಅದರ ಬದಿ ಸುಮಾರು 27 ಕಿ.ಮೀ., ವಿಸ್ತೀರ್ಣ ಸುಮಾರು 750 ಚ.ಕಿ.ಮೀ. ಇಡೀ ಕರ್ನಾಟಕ ಸುಮಾರು 250 ಚೌಕಗಳಲ್ಲಿ ಮುಗಿಯುತ್ತದೆ. ಒಂದು ತಾಲ್ಲೂಕು ಒಂದೆರಡು ಚೌಕ. ಹಾಗಾಗಿ ನಿಮ್ಮೂರ ಕೆರೆಯ ಬಗ್ಗೆ ಇದನ್ನು ಕೇಳಬೇಡಿ. ಜಿಲ್ಲೆ, ಜಲಾನಯನ ಪ್ರದೇಶ, ರಾಜ್ಯ ಎಂಬ ಮಟ್ಟದ ಪ್ರಶ್ನೆಗಳಿಗೆ ಮಾತ್ರ ಉತ್ತರ ಸಿಗುತ್ತದೆ.

ಗ್ರೇಸ್ ಇನ್ನೂ ಮಂದದೃಷ್ಟಿಯದು. ಅದರ ನಿಜವಾದ ಸೂಕ್ಷ್ಮತೆ 300 ಕಿ.ಮೀ. ಆಸುಪಾಸು. ಕೆಲವು ಕೇಂದ್ರಗಳು ಅದರ ಫಲಿತಾಂಶವನ್ನು ಕಾಲು ಅಥವಾ ಅರ್ಧ ಡಿಗ್ರಿಯ ಚೌಕಗಳಲ್ಲಿ ಹಂಚುತ್ತವೆ. ಕಡತದಲ್ಲಿ ಚೌಕ ಚಿಕ್ಕದಾದ ಮಾತ್ರಕ್ಕೆ ಅಳತೆ ಸೂಕ್ಷ್ಮವಾಗುವುದಿಲ್ಲ. 1,91,791 ಚ.ಕಿ.ಮೀ. ವಿಸ್ತೀರ್ಣದ ಕರ್ನಾಟಕ ಗ್ರೇಸ್‌ಗೆ ಹೆಚ್ಚುಕಡಿಮೆ ಕೆಳಮಿತಿ ಎಂದೇ ನಾನು ಎಣಿಸುತ್ತೇನೆ. 2009ರ ಅಧ್ಯಯನದ ಪ್ರದೇಶ ಇದರ ಎರಡು ಪಟ್ಟಿಗಿಂತ ದೊಡ್ಡದು, ಸುಮಾರು 4.4 ಲಕ್ಷ ಚ.ಕಿ.ಮೀ. ಮೊದಲ ಸಲ ಮಾಡುವವರು ಅದೇ ವಾಯವ್ಯ ಭಾರತದಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು. ಅಲ್ಲಿ ಕುಸಿತ ದೊಡ್ಡದು, ಬರಬೇಕಾದ ಉತ್ತರವೂ ಗೊತ್ತಿದೆ.

ಹಂತ 2: ಸರಿಯಾದ ಆವೃತ್ತಿ

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಆವೃತ್ತಿಗಳು ಮೂರು.

2.0: 1948ರಿಂದ 2014ರವರೆಗೆ. ಪೂರ್ತಿ ಕಾಲಕ್ಕೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದೇ ಹವಾಮಾನ ದತ್ತಾಂಶ ಬಳಸಲಾಗಿದೆ. ದಶಕಗಳ ಹೋಲಿಕೆಗೆ, ವಾಡಿಕೆ ಎಷ್ಟು ಎಂದು ತಿಳಿಯಲಿಕ್ಕೆ ಇದು.

2.1: 2000ರಿಂದ ಈಚೆಗೆ. ಮುನ್ಸೂಚನಾ ಸಂಸ್ಥೆಯ ಹವಾಮಾನ ವಿಶ್ಲೇಷಣೆ, ಉಪಗ್ರಹ ಮತ್ತು ಮಳೆಮಾಪಕಗಳನ್ನು ಸೇರಿಸಿದ ಮಳೆ, ಪ್ರತ್ಯೇಕವಾಗಿ ಅಂದಾಜು ಮಾಡಿದ ಬಿಸಿಲು ಇದರ ಒಳಹರಿವು. ಇತ್ತೀಚಿನ ತಿಂಗಳುಗಳ ಕಡತ ಮೊದಲು ಆರಂಭಿಕ ಆವೃತ್ತಿಯಾಗಿ ಬಂದು, ಕೆಲವು ತಿಂಗಳ ನಂತರ ತಿದ್ದಿದ ಮಳೆಯೊಂದಿಗೆ ಬದಲಾಗುತ್ತದೆ. ಆದ್ದರಿಂದ ಈಚಿನ ಕಡತಗಳನ್ನು ಇಳಿಸಿಕೊಂಡ ದಿನಾಂಕ ಬರೆದಿಟ್ಟುಕೊಳ್ಳಿ, ನಂತರ ಮತ್ತೊಮ್ಮೆ ಇಳಿಸಿಕೊಳ್ಳಿ.

2.2: 2003ರ ಫೆಬ್ರವರಿಯಿಂದ, ದಿನಕ್ಕೊಂದು ಕಡತ. ಯುರೋಪಿನ ಮುನ್ಸೂಚನಾ ಕೇಂದ್ರದ ಹವಾಮಾನ, ಕ್ಯಾಚ್‌ಮೆಂಟ್ ಮಾದರಿ, ಅದರ ಮೇಲೆ ಗ್ರೇಸ್ ಅಳತೆಯ ತಿದ್ದುಪಡಿ.

ಇದರಲ್ಲಿ ಗಮನಿಸಬೇಕಾದದ್ದು ಏನೆಂದರೆ, ಇಡೀ ವ್ಯವಸ್ಥೆಯ ಹೆಸರಿನಲ್ಲೇ ಅಸಿಮಿಲೇಷನ್ ಇದ್ದರೂ 2.0 ಮತ್ತು 2.1ರಲ್ಲಿ ಅದು ಇಲ್ಲ. ಅಲ್ಲಿ ಅಳತೆಗಳು ಬರುವುದು ಮೊದಲ ಬಾಗಿಲಿನಿಂದ ಮಾತ್ರ. ಮಣ್ಣಿನ ತೇವವನ್ನು ಯಾವ ಉಪಗ್ರಹವೂ ತಿದ್ದಿಲ್ಲ. ಎರಡನೆಯ ಬಾಗಿಲು ತೆರೆದಿರುವುದು 2.2ರಲ್ಲಿ ಮಾತ್ರ.

ಈ ವ್ಯತ್ಯಾಸದಿಂದಲೇ ಎರಡು ನಿಯಮ ಹುಟ್ಟುತ್ತವೆ. ಗ್ರೇಸ್‌ನಿಂದ ಮಣ್ಣಿನ ತೇವ ಕಳೆದು ಅಂತರ್ಜಲ ಕಾಣಬೇಕಾದರೆ 2.1 ಬಳಸಿ, 2.2 ಬಳಸಕೂಡದು. ಅದರೊಳಗೆ ಗ್ರೇಸ್ ಆಗಲೇ ಸೇರಿಹೋಗಿದೆ, ಒಂದೇ ಅಳತೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ನೀವೇ ಕಳೆಯುವ ಲೆಕ್ಕ ಬೇಡ, ಸಿದ್ಧ ಅಂತರ್ಜಲದ ಅಂದಾಜು ಸಾಕು ಎನ್ನುವವರು 2.2ರಲ್ಲಿರುವ ಅಂತರ್ಜಲದ ಅಂಕಣವನ್ನೇ ನೇರವಾಗಿ ತೆಗೆದುಕೊಳ್ಳಬಹುದು.

ಮತ್ತೊಂದು: 2.0 ಮತ್ತು 2.1ನ್ನು ತುದಿಗೆ ತುದಿ ಜೋಡಿಸಿ 1948ರಿಂದ ಇಂದಿನವರೆಗಿನ ಒಂದು ಗೆರೆ ಎಳೆಯಬೇಡಿ. ಒಳಹರಿವು ಬೇರೆಯಾದ್ದರಿಂದ ಜೋಡಿಸಿದ ಜಾಗದಲ್ಲಿ ಒಂದು ಜಿಗಿತ ಬರುತ್ತದೆ. ಅದು ನೋಡಲು ಹವಾಮಾನ ಬದಲಾವಣೆಯಂತೆಯೇ ಕಾಣುತ್ತದೆ.

ಹಂತ 3: ಇಳಿಸಿಕೊಳ್ಳುವುದು

ನಾಸಾದ ಅರ್ಥ್‌ಡೇಟಾ ಜಾಲತಾಣದಲ್ಲಿ ಉಚಿತ ಖಾತೆ ತೆರೆಯಿರಿ. ಜಿಎಲ್‌ಡಿಎಎಸ್ ಕಡತಗಳು ಗೊಡಾರ್ಡ್ ಕೇಂದ್ರದ ದತ್ತಾಂಶ ಭಂಡಾರದಲ್ಲಿವೆ, ನೆಟ್‌ಸಿಡಿಎಫ್ ರೂಪದಲ್ಲಿ. ಇಡೀ ಭೂಗೋಳದ ಕಡತ ಎಳೆದುಕೊಳ್ಳುವ ಅಗತ್ಯವಿಲ್ಲ. ಬೇಕಾದ ಅಕ್ಷಾಂಶ, ರೇಖಾಂಶ, ಬೇಕಾದ ಅಂಕಣ ಮಾತ್ರ ಕತ್ತರಿಸಿಕೊಳ್ಳುವ ಸೌಲಭ್ಯ ಅಲ್ಲೇ ಇದೆ. ಅಂತರ್ಜಲದ ಲೆಕ್ಕಕ್ಕೆ ತಿಂಗಳ ಕಡತ ಸಾಕು. ಮೂರು ಗಂಟೆಗೊಂದರಂತೆ ಬರುವ ಕಡತ ಮಳೆಯ ಹೋಲಿಕೆ, ಪ್ರವಾಹದಂತಹ ಕೆಲಸಕ್ಕೆ.

ಮೊದಲು ಕಣ್ಣಿಂದ ನೋಡಲು ಪ್ಯಾನೊಪ್ಲಿ ಎಂಬ ಉಚಿತ ತಂತ್ರಾಂಶ ಸಾಕು. ಪೈಥಾನ್ ಬಲ್ಲವರಿಗೆ ಎಕ್ಸ್‌ಅರೇ, ನಕ್ಷೆಯಲ್ಲಿ ಪಳಗಿದವರಿಗೆ ಕ್ಯೂಜಿಐಎಸ್. ಗೂಗಲ್ ಅರ್ಥ್ ಎಂಜಿನ್‌ನಲ್ಲೂ 2.1 ಮತ್ತು 2.2 ಲಭ್ಯವಿವೆ, ಅಲ್ಲಾದರೆ ಇಳಿಸಿಕೊಳ್ಳುವ ಗೋಜೇ ಇಲ್ಲ. ಯಾವುದನ್ನು ಬಳಸಿದರೂ ಖಾಲಿ ಚೌಕಗಳಿಗೆ ಕೊಟ್ಟಿರುವ −9999 ಎಂಬ ಸಂಖ್ಯೆಯನ್ನು ಮೊದಲೇ ತೆಗೆದುಹಾಕಿ. ಕರಾವಳಿಯ ಸರಾಸರಿಯಲ್ಲಿ ಅದೊಂದು ಸೇರಿದರೂ ಉತ್ತರ ಹಾಳು.

ಗ್ರೇಸ್ ದತ್ತಾಂಶವೂ ಅದೇ ಖಾತೆಯಿಂದ ಸಿಗುತ್ತದೆ. ಮ್ಯಾಸ್‌ಕಾನ್ ಎಂಬ ರೂಪವನ್ನು ಆರಿಸಿ, ಹೊಸಬರಿಗೆ ಅದೇ ಸುಲಭ. ಗ್ರೇಸ್ ಹಾರಿದ್ದು 2002ರ ಮಾರ್ಚ್ 17ರಂದು. ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ಅಂತರದಲ್ಲಿ ಸಾಗುವ ಎರಡು ಉಪಗ್ರಹಗಳು. ಕೆಳಗೆ ನೆಲ ಭಾರವಾಗಿದ್ದರೆ ಮುಂದಿನದನ್ನು ಅದು ಮೊದಲು ಸೆಳೆಯುತ್ತದೆ, ಅಂತರ ಕೂದಲೆಳೆಗಿಂತ ಸಣ್ಣ ಪ್ರಮಾಣದಲ್ಲಿ ಬದಲಾಗುತ್ತದೆ. ಅದನ್ನೇ ಅಳೆದು ನೀರಿನ ತೂಕ ಹೇಳುತ್ತಾರೆ. ಆ ಜೋಡಿ 2017ರಲ್ಲಿ ನಿಂತಿತು, ಮುಂದಿನ ಜೋಡಿ 2018ರ ಮೇ 22ರಂದು ಹಾರಿತು. ನಡುವೆ ಸುಮಾರು ಒಂದು ವರ್ಷ ಅಳತೆಯಿಲ್ಲ. ಆ ಕಂದಕದ ಮೇಲೆ ನೇರ ಗೆರೆ ಎಳೆದು ಮುಚ್ಚಬೇಡಿ, ಗ್ರಾಫಿನಲ್ಲಿ ಖಾಲಿಯೇ ಬಿಡಿ.

ಹಂತ 4: ಏಕಮಾನ, ಮತ್ತೆ ಮತ್ತೆ ಏಕಮಾನ

ಒಂದು ಚದರ ಮೀಟರ್ ಮೇಲೆ ಒಂದು ಕಿಲೋ ನೀರು ಎಂದರೆ ಒಂದು ಮಿ.ಮೀ. ಎತ್ತರದ ನೀರು. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಪ್ರತಿ ಅಂಕಣದ ಹೆಸರಿನ ಕೊನೆಯಲ್ಲಿರುವ ಬಾಲವನ್ನು ಓದುವುದು. ‘ಇನ್‌ಸ್ಟ್’ ಎಂದರೆ ಆ ಕ್ಷಣದ ಮೌಲ್ಯ. ‘ಟಿಎವಿಜಿ’ ಎಂದರೆ ಹಿಂದಿನ ಅವಧಿಯ ಸರಾಸರಿ. ‘ಎಸಿಸಿ’ ಎಂದರೆ ಕೂಡಿದ ಮೊತ್ತ.

ಮಳೆ ಮತ್ತು ಆವಿ ಬರುವುದು ಸೆಕೆಂಡಿಗೆ ಇಷ್ಟು ಎಂಬ ಸರಾಸರಿಯಲ್ಲಿ. ಜುಲೈ ತಿಂಗಳ ಕಡತದಲ್ಲಿ ಮಳೆ 0.00005 ಎಂದಿದ್ದರೆ ಅದನ್ನು 86,400ರಿಂದ ಗುಣಿಸಿ: ದಿನಕ್ಕೆ 4.32 ಮಿ.ಮೀ. 31ರಿಂದ ಗುಣಿಸಿದರೆ ತಿಂಗಳಿಗೆ ಸುಮಾರು 134 ಮಿ.ಮೀ.

ಹರಿದುಹೋದ ನೀರಿನದು ಬೇರೆ ಕಥೆ. ತಿಂಗಳ ಕಡತದಲ್ಲಿ ಅದರ ಹೆಸರು ಮೊತ್ತ ಎಂದಿದ್ದರೂ ಅದು ತಿಂಗಳ ಮೊತ್ತವಲ್ಲ, ಮೂರು ಗಂಟೆಗಳ ಮೊತ್ತದ ಸರಾಸರಿ. ದಿನಕ್ಕೆ 8 ಮೂರು-ಗಂಟೆಗಳು. ಆದ್ದರಿಂದ 8ರಿಂದ, ಮತ್ತೆ ದಿನಗಳಿಂದ ಗುಣಿಸಬೇಕು. 0.15 ಎಂದಿದ್ದರೆ 0.15 × 8 × 31 = 37.2 ಮಿ.ಮೀ. ಇದನ್ನು ಮರೆತರೆ ಮಲೆನಾಡಿನ ಜುಲೈನಲ್ಲೂ ಹೊಳೆಗಳಲ್ಲಿ ನೀರೇ ಇಲ್ಲ ಎಂಬ ಉತ್ತರ ಬರುತ್ತದೆ.

ನೋವಾ ಮಾದರಿಯಲ್ಲಿ ಮಣ್ಣಿಗೆ ನಾಲ್ಕು ಪದರ: 0–10, 10–40, 40–100, 100–200 ಸೆಂ.ಮೀ. ಪ್ರತಿ ಪದರದ ಸಂಖ್ಯೆ ಮಿ.ಮೀ.ನಲ್ಲೇ ಇರುವುದರಿಂದ ಒಟ್ಟು ತೇವಕ್ಕೆ ನಾಲ್ಕನ್ನೂ ಕೂಡಿಸಿದರೆ ಆಯಿತು, ಸರಾಸರಿ ಮಾಡಬಾರದು. ಉಪಗ್ರಹ ಅಥವಾ ಹೊಲದ ಸಂವೇದಕದೊಂದಿಗೆ ಹೋಲಿಸುವಾಗ ಮಾತ್ರ ಪದರದ ದಪ್ಪದಿಂದ ಭಾಗಿಸಿ. ಮೇಲಿನ ಪದರ 25 ಮಿ.ಮೀ. ಇದ್ದರೆ 100 ಮಿ.ಮೀ. ದಪ್ಪಕ್ಕೆ 0.25. ಕ್ಯಾಚ್‌ಮೆಂಟ್ ಮಾದರಿಯ ವಿಂಗಡಣೆಯೇ ಬೇರೆ: ಮೇಲಿನ 2 ಸೆಂ.ಮೀ., ಬೇರುಗಳಿರುವ 1 ಮೀಟರ್, ಮತ್ತು ಪೂರ್ತಿ ಮಣ್ಣು. ಎರಡು ಮಾದರಿಗಳ ಮೇಲ್ಪದರವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವಿಲ್ಲ.

ಸಮಯದ ಬಗ್ಗೆ ಒಂದು ಮಾತು. ಕಡತದ ಗಡಿಯಾರ ಗ್ರೀನಿಚ್ ಸಮಯದ್ದು. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಗ್ರೀನಿಚ್ ಲೆಕ್ಕದಲ್ಲಿ 3 ಗಂಟೆಯಿಂದ 3 ಗಂಟೆ. ದಿನದ ಮಳೆಯನ್ನು ಇಲಾಖೆಯ ಅಂಕಿಯೊಂದಿಗೆ ಹೋಲಿಸುವುದಾದರೆ ಹಿಂದಿನ ದಿನದ 6 ಗಂಟೆಯ ಕಡತದಿಂದ ಈ ದಿನದ 3 ಗಂಟೆಯ ಕಡತದವರೆಗಿನ ಎಂಟನ್ನು ಸೇರಿಸಿ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸಿದರೆ ಸಂಜೆ ಗುಡುಗುಮಳೆ ಬಿದ್ದ ದಿನ ಇಲಾಖೆಯ ಪಟ್ಟಿಯಲ್ಲಿ ಒಂದು, ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಆಗುತ್ತದೆ.

ಹಂತ 5: ಕಳೆಯುವ ಲೆಕ್ಕ

ಗ್ರೇಸ್ ನಿಮಗೆ ಒಟ್ಟು ನೀರು ಎಷ್ಟಿದೆ ಎಂದು ಹೇಳುವುದಿಲ್ಲ. ಒಂದು ಆಧಾರ ಅವಧಿಯ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಹೇಳುತ್ತದೆ. ಸಾಮಾನ್ಯವಾಗಿ ಆ ಅವಧಿ 2004ರಿಂದ 2009. ಹಾಗಾಗಿ ಜಿಎಲ್‌ಡಿಎಎಸ್‌ನ ತೇವಕ್ಕೂ ಅದೇ ಆರು ವರ್ಷಗಳ 72 ತಿಂಗಳ ಸರಾಸರಿ ತೆಗೆದು, ಪ್ರತಿ ತಿಂಗಳಿಂದ ಕಳೆಯಿರಿ. ಎರಡಕ್ಕೂ ಬೇರೆ ಬೇರೆ ಆಧಾರ ಅವಧಿ ಇಟ್ಟುಕೊಂಡರೆ ಉತ್ತರದಲ್ಲಿ ಇಲ್ಲದ ನೀರು ಹುಟ್ಟಿಕೊಳ್ಳುತ್ತದೆ.

ಪ್ರದೇಶದ ಸರಾಸರಿ ತೆಗೆಯುವಾಗ ಪ್ರತಿ ಚೌಕಕ್ಕೂ ಅದರ ಅಕ್ಷಾಂಶದ ಕೊಸೈನ್ ತೂಕ ಕೊಡಿ. ಕರ್ನಾಟಕದೊಳಗೆ ವ್ಯತ್ಯಾಸ ಅಲ್ಪ, ಹಿಮಾಲಯದವರೆಗಿನ ಪ್ರದೇಶಕ್ಕೆ ಅಲ್ಪವಲ್ಲ. ಇದಾದ ಮೇಲೆ ಸೂತ್ರ:

ಅಂತರ್ಜಲದ ಏರಿಳಿತ = ಗ್ರೇಸ್‌ನ ಒಟ್ಟು ಏರಿಳಿತ − ಮಣ್ಣಿನ ತೇವದ ಏರಿಳಿತ − ಹಿಮದ ಏರಿಳಿತ − ಕೆರೆ, ನದಿ, ಜಲಾಶಯಗಳ ಏರಿಳಿತ

ಒಂದು ತಿಂಗಳು ಗ್ರೇಸ್ −12 ಸೆಂ.ಮೀ., ಮಣ್ಣು −5, ಜಲಾಶಯ −1, ಹಿಮ ಇಲ್ಲ ಎಂದುಕೊಳ್ಳಿ. ಅಂತರ್ಜಲ −6 ಸೆಂ.ಮೀ. ಗ್ರೇಸ್ ಕಡತ ಸೆಂ.ಮೀ.ನಲ್ಲಿ, ಜಿಎಲ್‌ಡಿಎಎಸ್ ಮಿ.ಮೀ.ನಲ್ಲಿ ಇರುತ್ತದೆ, ಕಳೆಯುವ ಮುನ್ನ ಒಂದೇ ಮಾಡಿಕೊಳ್ಳಿ.

ಕೊನೆಯ ಪದವಾದ ಜಲಾಶಯವನ್ನು ಎಷ್ಟೋ ಲೆಕ್ಕಗಳಲ್ಲಿ ಬಿಟ್ಟುಬಿಡುತ್ತಾರೆ. ದೊಡ್ಡ ಅಣೆಕಟ್ಟುಗಳಿಲ್ಲದ ಬಯಲಿಗೆ ಅದು ನಡೆದೀತು. ಕರ್ನಾಟಕಕ್ಕೆ ಖಂಡಿತ ನಡೆಯದು. ಲಿಂಗನಮಕ್ಕಿ 151 ಟಿಎಂಸಿ, ಆಲಮಟ್ಟಿ 123, ತುಂಗಭದ್ರಾ 105, ಕೆಆರ್‌ಎಸ್ 49. ನಾಲ್ಕೇ ಜಲಾಶಯ ಸೇರಿ ಸುಮಾರು 430 ಟಿಎಂಸಿ, ಅಂದರೆ 12 ಘನ ಕಿ.ಮೀ.ಗಿಂತ ಹೆಚ್ಚು. ಅದನ್ನು ಇಡೀ ರಾಜ್ಯದ ಮೇಲೆ ಹರಡಿದರೆ ಸುಮಾರು 63 ಮಿ.ಮೀ., ಆರು ಸೆಂ.ಮೀ.ಗೂ ಮೇಲೆ. ಮೇಲಿನ ಉದಾಹರಣೆಯ ಅಂತರ್ಜಲದ ಉತ್ತರದಷ್ಟೇ ಇದೆ ನೋಡಿ! ಜಿಎಲ್‌ಡಿಎಎಸ್ ಮಾದರಿಗಳಲ್ಲಿ ಅಣೆಕಟ್ಟು ಇಲ್ಲವೇ ಇಲ್ಲ. ಆ ನೀರು ಸಮುದ್ರಕ್ಕೆ ಹರಿದುಹೋಯಿತೆಂದೇ ಅವು ಭಾವಿಸುತ್ತವೆ. ಗ್ರೇಸ್‌ಗೆ ಮಾತ್ರ ಅದರ ತೂಕ ಗೊತ್ತು. ನೀವು ಕಳೆಯದಿದ್ದರೆ ಮಳೆಗಾಲದಲ್ಲಿ ತುಂಬಿದ ಆಲಮಟ್ಟಿ ನಿಮ್ಮ ಗ್ರಾಫಿನಲ್ಲಿ ಅಂತರ್ಜಲದ ಏರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಜಲಾಶಯಗಳ ಮಟ್ಟ ದಿನವೂ ಪ್ರಕಟವಾಗುತ್ತದೆ. ತಿಂಗಳ ಸರಾಸರಿ ಮಾಡಿ, ಒಂದು ಟಿಎಂಸಿಗೆ 0.0283 ಘನ ಕಿ.ಮೀ. ಎಂದು ಪರಿವರ್ತಿಸಿ, ಪ್ರದೇಶದ ವಿಸ್ತೀರ್ಣದಿಂದ ಭಾಗಿಸಿ.

ತಪ್ಪಿನ ಅಂದಾಜನ್ನೂ ಇದೇ ಹಂತದಲ್ಲಿ ಮಾಡಿ. ನೋವಾ, ವಿಐಸಿ, ಕ್ಯಾಚ್‌ಮೆಂಟ್ ಮೂರರಿಂದಲೂ ಮಣ್ಣಿನ ತೇವದ ಏರಿಳಿತ ತೆಗೆಯಿರಿ. ಅವು ಎಷ್ಟು ಚದುರುತ್ತವೋ ಅದು ಮಾದರಿಯ ತಪ್ಪಿನ ಒರಟು ಅಳತೆ. ಕ್ಯಾಚ್‌ಮೆಂಟ್‌ನ ಪೂರ್ತಿ ಮಣ್ಣಿನ ಅಂಕಣದಲ್ಲಿ ಅಂತರ್ಜಲದ ಪಾಲೂ ಬೆರೆತಿರುವುದರಿಂದ ಅದರ ಬೇರು-ಪದರವನ್ನಷ್ಟೇ ತೆಗೆದುಕೊಳ್ಳಿ. ಗ್ರೇಸ್‌ನ ತಪ್ಪು 2 ಸೆಂ.ಮೀ., ಮಣ್ಣಿನದು 2 ಸೆಂ.ಮೀ. ಆದರೆ ಅಂತರ್ಜಲದ ತಪ್ಪು 4 ಅಲ್ಲ, ಎರಡರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ ಸುಮಾರು 2.8 ಸೆಂ.ಮೀ. ನಿಮ್ಮ −6 ಸೆಂ.ಮೀ. ಉತ್ತರದ ಪಕ್ಕ ಅದನ್ನು ಬರೆಯಲೇಬೇಕು. 2009ರ ಪ್ರಬಂಧವೂ ವರ್ಷಕ್ಕೆ 17.7 ಘನ ಕಿ.ಮೀ. ಎಂದು ಹೇಳಿ ಸುಮ್ಮನಾಗಲಿಲ್ಲ, ಅದಕ್ಕೆ 4.5ರಷ್ಟು ಆಚೀಚೆ ಇರಬಹುದೆಂದೂ ಹೇಳಿತು.

ಹಂತ 6: ಬಾವಿಯ ಮುಂದೆ ನಿಲ್ಲಿಸಿ ನೋಡುವುದು

ಕೇಂದ್ರ ಅಂತರ್ಜಲ ಮಂಡಳಿ ದೇಶದಾದ್ಯಂತ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ನಿಮ್ಮ ಉತ್ತರವನ್ನು ಅದರೊಂದಿಗೆ ಹೋಲಿಸಿ. ಆದರೆ ಬಾವಿಯ ಮಟ್ಟ ಮೀಟರಿನಲ್ಲಿದೆ, ನಿಮ್ಮದು ನೀರಿನ ಎತ್ತರದಲ್ಲಿದೆ. ಎರಡನ್ನೂ ಜೋಡಿಸುವುದು ಆ ನೆಲ ಎಷ್ಟು ನೀರನ್ನು ಬಿಟ್ಟುಕೊಡುತ್ತದೆ ಎಂಬ ಪ್ರಮಾಣ. ಪಂಜಾಬಿನ ಮೆಕ್ಕಲು ಮಣ್ಣಿನಲ್ಲಿ ಅದು ನೂರಕ್ಕೆ ಹನ್ನೆರಡರ ಆಸುಪಾಸು. ನಮ್ಮ ಶಿಥಿಲ ಬಂಡೆಯ ಪದರದಲ್ಲಿ ಒಂದರಿಂದ ಮೂರು.

ಇದರ ಪರಿಣಾಮ ಯೋಚಿಸಿ. ಬಾವಿಯ ಮಟ್ಟ 5 ಮೀಟರ್ ಕುಸಿದರೆ ಪಂಜಾಬಿನಲ್ಲಿ ಹೋದದ್ದು 60 ಸೆಂ.ಮೀ. ನೀರು. ಕರ್ನಾಟಕದ ಗಟ್ಟಿ ಕಲ್ಲಿನ ಸೀಮೆಯಲ್ಲಿ, ನೂರಕ್ಕೆ ಎರಡರ ಲೆಕ್ಕದಲ್ಲಿ, ಬರೀ 10 ಸೆಂ.ಮೀ. ರೈತರ ಕಷ್ಟ ಎರಡೂ ಕಡೆ ಅಷ್ಟೇ. ನಮ್ಮಲ್ಲಿ ಇನ್ನೂ ಹೆಚ್ಚು, ಏಕೆಂದರೆ ಕಲ್ಲಿನ ಬಿರುಕಿನಲ್ಲಿದ್ದ ಅಷ್ಟೇ ಅಷ್ಟು ನೀರೂ ಮುಗಿದಿರುತ್ತದೆ. ಆದರೆ ಆಕಾಶದಲ್ಲಿರುವ ಗ್ರೇಸ್ ಅಳೆಯುವುದು ತೂಕವನ್ನು, ಆಳವನ್ನಲ್ಲ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿದ್ದರೂ ಉಪಗ್ರಹದ ನಕ್ಷೆ ಅಲ್ಲಿ ತಣ್ಣಗೆ ತಿಳಿಬಣ್ಣ ತೋರಿಸಬಹುದು. ಅದನ್ನು ಕೈಯಲ್ಲಿ ಹಿಡಿದು ‘ಇಲ್ಲಿ ಅಂತರ್ಜಲಕ್ಕೆ ತೊಂದರೆಯಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಕ್ಷೆಯನ್ನು ಓದುವ ಬಗೆ ತಪ್ಪಿದೆ ಎಂದು ತೋರಿಸಿಕೊಡಿ.

ಮಳೆಯ ತಾಳೆ ನೋಡಲು ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ದಿನವಹಿ ಮಳೆ 1901ರಿಂದ ಸಿಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳೇ ಇವೆ. ಪಶ್ಚಿಮಘಟ್ಟದ ಚೌಕಗಳನ್ನು ವಿಶೇಷವಾಗಿ ನೋಡಿ. ಒಂದೇ 27 ಕಿ.ಮೀ. ಒಳಗೆ ಕರಾವಳಿ, ಘಟ್ಟದ ನೆತ್ತಿ, ಮಳೆನೆರಳು ಮೂರೂ ಸೇರಿಕೊಂಡಿರುತ್ತವೆ, ಜಾಗತಿಕ ದತ್ತಾಂಶದ ಮಳೆ ಅಲ್ಲಿ ಸುಲಭವಾಗಿ ಎಡವುತ್ತದೆ. ಮಳೆಯೇ ತಪ್ಪಿದ್ದರೆ ತೇವದ ಲೆಕ್ಕ ಸರಿಯಾಗುವುದು ಹೇಗೆ?

ಮಣ್ಣಿನ ತೇವಕ್ಕೆ ನೆಲದ ಅಳತೆ ಸಿಗುವುದು ಕಷ್ಟ. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಬೆರಂಬಾಡಿ ಜಲಾನಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಫ್ರೆಂಚ್ ವಿಜ್ಞಾನಿಗಳ ಜೊತೆ ವರ್ಷಗಳಿಂದ ಹೊಲಹೊಲದಲ್ಲಿ ತೇವ ಅಳೆದಿದೆ. ಉಪಗ್ರಹಗಳ ತೇವದ ಅಂದಾಜನ್ನು ಪರೀಕ್ಷಿಸಲು ಆ ಅಳತೆಗಳು ಬಳಕೆಯಾಗಿವೆ. ನಾಸಾದ ಸ್ಮ್ಯಾಪ್ ಉಪಗ್ರಹ 2015ರ ಜನವರಿ 31ರಂದು ಹಾರಿ, ಮೇಲಿನ 5 ಸೆಂ.ಮೀ. ಮಣ್ಣಿನ ತೇವವನ್ನು ಅಳೆಯುತ್ತಿದೆ. ಆ ಅಳತೆಯನ್ನು ಕ್ಯಾಚ್‌ಮೆಂಟ್ ಮಾದರಿಯೊಂದಿಗೆ ಬೆರೆಸಿದ 9 ಕಿ.ಮೀ. ಚೌಕದ ದತ್ತಾಂಶವೂ ಲಭ್ಯ. ನೋವಾದ ಮೇಲ್ಪದರವನ್ನು ಅದರೊಂದಿಗೆ ಹೋಲಿಸುವಾಗ ನೇರ ಸಂಖ್ಯೆಗಿಂತ ಏರಿಳಿತದ ತಾಳವನ್ನು ನೋಡಿ: ಮಳೆಯಾದ ಮೇಲೆ ಎಷ್ಟು ದಿನಕ್ಕೆ ಒಣಗುತ್ತದೆ, ಎರಡರಲ್ಲೂ ಒಂದೇ ವಾರ ಏರುತ್ತದೆಯೇ. ಎರಡರ ಗೆರೆ ಬೇಸಿಗೆಯಲ್ಲಿ ಮಾತ್ರ ಬೇರೆಯಾಗುತ್ತಿದ್ದರೆ ಅಲ್ಲಿ ನೀರಾವರಿ ಇದೆಯೇ ಎಂದು ಮೊದಲು ವಿಚಾರಿಸಿ.

ಹಂತ 7: ಬರವನ್ನು ಓದುವುದು

ಅಂತರ್ಜಲದ ಗೊಡವೆಯಿಲ್ಲ, ಈ ವರ್ಷ ಮಣ್ಣು ಎಷ್ಟು ಒಣಗಿದೆ ಎಂದಷ್ಟೇ ತಿಳಿಯಬೇಕು ಎನ್ನುವವರಿಗೆ ದಾರಿ ಚಿಕ್ಕದು. ತೇವದ ನೇರ ಸಂಖ್ಯೆ ನಕ್ಷೆಯಲ್ಲಿ ಹಾಕಬೇಡಿ. ಹಾಕಿದರೆ ಆಗುಂಬೆ ಯಾವಾಗಲೂ ನೀಲಿ, ಚಳ್ಳಕೆರೆ ಯಾವಾಗಲೂ ಕೆಂಪು. ಬದಲಿಗೆ ಪ್ರತಿ ಚೌಕವನ್ನು ಅದರದೇ ಇತಿಹಾಸದ ಜೊತೆ ಹೋಲಿಸಿ. ಆಗಸ್ಟ್ ಬೇಕಿದ್ದರೆ ಆ ಚೌಕದ ಹಿಂದಿನ ಎಲ್ಲ ಆಗಸ್ಟ್‌ಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಈ ವರ್ಷದ ಸ್ಥಾನ ನೂರಕ್ಕೆ ಎಷ್ಟನೆಯದು ಎಂದು ನೋಡಿ. ಅಮೆರಿಕದಲ್ಲಿ 30ಕ್ಕಿಂತ ಕೆಳಗೆ ಅಸಹಜ ಒಣಗು, 20, 10, 5, 2 ಎಂದು ಇಳಿದಂತೆ ಬರದ ತೀವ್ರತೆ ಹೆಚ್ಚು ಎಂದು ವರ್ಗ ಮಾಡುತ್ತಾರೆ. ಅದೇ ಮಿತಿಗಳನ್ನು ಬಳಸಿದರೆ ಹೋಲಿಕೆ ಸುಲಭ.

ಅಭ್ಯಾಸಕ್ಕೆ 2023 ತೆಗೆದುಕೊಳ್ಳಿ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಜೂನ್‌ನಿಂದ ಡಿಸೆಂಬರ್‌ವರೆಗೆ ಮೇಲ್ಪದರ ಮತ್ತು 1 ಮೀಟರ್ ಆಳದ ತೇವ ಎರಡರ ಸ್ಥಾನವನ್ನೂ ತಿಂಗಳು ತಿಂಗಳು ಬಿಡಿಸಿ. ಮೇಲ್ಪದರ ಒಂದು ಮಳೆಗೆ ಚೇತರಿಸಿಕೊಳ್ಳುತ್ತದೆ, ಆಳದ ಮಣ್ಣು ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಬಿತ್ತನೆಯ ಪ್ರಶ್ನೆಗೆ ಮೊದಲಿನದು ಬೇಕು. ತೊಗರಿ, ಕಡಲೆ, ತೋಟದ ಬೆಳೆಗಳಿಗೆ ಎರಡನೆಯದು. ನಿಮ್ಮ ನಕ್ಷೆಯನ್ನು ಸರ್ಕಾರದ ತಾಲ್ಲೂಕು ಪಟ್ಟಿಯ ಪಕ್ಕ ಇಟ್ಟು, ಹೊಂದದ ತಾಲ್ಲೂಕುಗಳನ್ನು ಒಂದೊಂದಾಗಿ ನೋಡಿ. ಕಾಲುವೆ ಅಚ್ಚುಕಟ್ಟು ಪ್ರದೇಶವೇ, ಘಟ್ಟದ ಅಂಚೇ, ಅಥವಾ ಮಳೆಯ ದತ್ತಾಂಶವೇ ದಾರಿ ತಪ್ಪಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಫಲಿತಾಂಶವನ್ನು ಬೇರೆಯವರಿಗೆ ಕೊಡುವಾಗ ನಕ್ಷೆಯ ಕೆಳಗೆ ಇಷ್ಟನ್ನು ಬರೆಯಿರಿ: ಆವೃತ್ತಿಯ ಸಂಖ್ಯೆ, ಮಾದರಿಯ ಹೆಸರು, ಆಧಾರ ಅವಧಿ, ಇಳಿಸಿಕೊಂಡ ದಿನಾಂಕ, ಜಲಾಶಯ ಕಳೆದಿದ್ದೀರೋ ಇಲ್ಲವೋ, ತಪ್ಪಿನ ಅಂದಾಜು, ಮತ್ತು ಈ ಸಂಖ್ಯೆಯಲ್ಲಿ ಕೊಳವೆಬಾವಿಯಿಂದ ಎತ್ತಿದ ನೀರಿನ ಮಾಹಿತಿ ಮಾದರಿಗೆ ಗೊತ್ತಿತ್ತೇ ಎನ್ನುವುದು. 2.1 ಬಳಸಿದ್ದರೆ ಕೊನೆಯದಕ್ಕೆ ಉತ್ತರ ‘ಇಲ್ಲ’ ಎಂದೇ ಬರೆಯಬೇಕು.